ಬೋರ್‌ವೆಲ್ ನೀರು, ಜಗಳಗಂಟ ಮೀನು

ಗಂಗಾವತಿಯ ಬಟ್ಟೆ ಅಂಗಡಿಯ ಗಲ್ಲಾದ ಪಕ್ಕ, ಕೊಪ್ಪಳದ ದವಾಖಾನೆಯಲ್ಲಿ ಜನ ಪಾಳಿ ಕಾಯುವ ಕೋಣೆ, ಕುಷ್ಟಗಿ ಹೆದ್ದಾರಿಯ ಖಾನಾವಳಿ: ಇಂಥ ಕಡೆ ಫಿಶ್ ಟ್ಯಾಂಕ್ ಕಂಡರೆ ಅದರೊಳಗೆ ಒಂದೇ ಒಂದು ಮೀನು ಇರುವುದು ಈಗ ಸಾಮಾನ್ಯ. ಕೆಂಪು ಮೈ, ಹಣೆಯ ಮೇಲೆ ಉಬ್ಬಿದ ಗಡ್ಡೆ, ಗಾಜಿಗೆ ಬೆರಳಿಟ್ಟರೆ ಬೆರಳಿನ ಬೆನ್ನು ಹತ್ತುವ ಸಿಟ್ಟು. ಇದು ಫ್ಲವರ್‌ಹಾರ್ನ್. 1990ರ ದಶಕದಲ್ಲಿ ಮಲೇಷ್ಯಾದ ಸಾಕಣೆದಾರರು ಮಧ್ಯ ಅಮೆರಿಕದ ಹಲವು ಜಾತಿಗಳನ್ನು ಬೆರೆಸಿ ಹುಟ್ಟಿಸಿದ ಮಿಶ್ರತಳಿ. ಹಣೆಯ ಗಡ್ಡೆ ದೊಡ್ಡದಾದಷ್ಟೂ ಲಕ್ಷ್ಮಿ ಒಲಿಯುತ್ತಾಳೆಂದು ನಂಬಿ, ಈಶಾನ್ಯ ಮೂಲೆ ನೋಡಿ ಟ್ಯಾಂಕ್ ಇಡುತ್ತಾರೆ. ಜೊತೆಗೆ ಇನ್ನೊಂದು ಮೀನು ಯಾಕಿಲ್ಲ ಎಂದು ಕೇಳಿದರೆ ಉತ್ತರ ಎಲ್ಲ ಕಡೆ ಒಂದೇ: "ಬ್ಯಾರೆ ಮೀನಾ ಬಿಟ್ರ ಕೊಂದ್ ಹಾಕತೈತ್ರಿ."

ಈ ಉತ್ತರ ಸುಳ್ಳೇನಲ್ಲ. ಆದರೆ ಅಲ್ಲಿಗೇ ನಿಲ್ಲುವುದರಿಂದ ಇಡೀ ಒಂದು ಮೀನಿನ ಕುಲ ನಮ್ಮ ಭಾಗದಲ್ಲಿ "ಜಗಳಗಂಟ" ಎಂಬ ಹಣೆಪಟ್ಟಿ ಹೊತ್ತು ಒಂಟಿಯಾಗಿ ಬದುಕುತ್ತಿದೆ. ಆ ಕುಲದ ಹೆಸರು ಸಿಕ್ಲಿಡ್. ಇವುಗಳ ಜಗಳವನ್ನು ಹದ್ದುಬಸ್ತಿನಲ್ಲಿಡಲು ಜಗತ್ತಿನ ಹವ್ಯಾಸಿಗಳು ಹತ್ತಾರು ಉಪಾಯ ಹೇಳುತ್ತಾರೆ. ಅವುಗಳಲ್ಲಿ ಬಹಳಷ್ಟು ಜರ್ಮನಿ, ಇಂಗ್ಲೆಂಡ್, ಅಮೆರಿಕದ ಮನೆಗಳಲ್ಲಿ ಹುಟ್ಟಿದವು. ಅಲ್ಲಿ ನಲ್ಲಿ ನೀರು ತಣ್ಣಗಿರುತ್ತದೆ, ಕರೆಂಟು ಹೋಗುವುದು ಅಪರೂಪ. ನಮ್ಮಲ್ಲಿ ಏಪ್ರಿಲ್ ತಿಂಗಳಿಗೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ನೀರು ತಾಲ್ಲೂಕಿಗೊಂದು ಗುಣ ತೋರಿಸುತ್ತದೆ. ಅಲ್ಲಿನ ಉಪಾಯವನ್ನು ಇಲ್ಲಿಗೆ ಹಾಗೆಯೇ ತಂದರೆ ಮೀನು ಜಗಳದಿಂದ ಉಳಿದು ಸೆಕೆಗೆ ಸಾಯುತ್ತದೆ.

ಸಿಕ್ಲಿಡ್ ಕುಟುಂಬದಲ್ಲಿ ವಿಜ್ಞಾನಿಗಳು ಈವರೆಗೆ 1,700ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ಹೆಚ್ಚಿನವು ಆಫ್ರಿಕದ ದೊಡ್ಡ ಸರೋವರಗಳಲ್ಲಿ, ಮಧ್ಯ ಮತ್ತು ದಕ್ಷಿಣ ಅಮೆರಿಕದ ನದಿಗಳಲ್ಲಿವೆ. ಅಂಗಡಿಯ ಏಂಜೆಲ್, ಆಸ್ಕರ್, ಡಿಸ್ಕಸ್, ಪ್ಯಾರಟ್ ಎಲ್ಲವೂ ಸಿಕ್ಲಿಡ್‌ಗಳೇ. "ಆಫ್ರಿಕನ್ ಮಿಕ್ಸ್" ಎಂದು ತೂತಿನ ಬುಟ್ಟಿಯಲ್ಲಿ ಹಳದಿ-ನೀಲಿ ಬೆರೆಸಿ ಮಾರುವ ಮರಿಗಳೂ ಅವೇ. ಅಕ್ವೇರಿಯಂ ಕಡೆ ಎಂದೂ ಮುಖ ಹಾಕದವರಿಗೂ ಒಂದು ಸಿಕ್ಲಿಡ್ ಗೊತ್ತಿರುತ್ತದೆ, ಸಂತೆಯ ಜಿಲೇಬಿ ಮೀನು, ಅಂದರೆ ತಿಲಾಪಿಯಾ.

ಈ ಕುಲದ ವಿಶೇಷ ಮರಿಗಳ ಪಾಲನೆ. ಬಹುಪಾಲು ಮೀನುಗಳು ತತ್ತಿ ಚೆಲ್ಲಿ ತಮ್ಮ ದಾರಿ ಹಿಡಿಯುತ್ತವೆ. ಸಿಕ್ಲಿಡ್‌ಗಳು ಹಾಗೆ ಬಿಟ್ಟು ಹೋಗುವುದಿಲ್ಲ. ಕೆಲವು ಕಲ್ಲಿನ ಮೇಲೆ ತತ್ತಿ ಅಂಟಿಸಿ ಗಂಡು-ಹೆಣ್ಣು ಎರಡೂ ಕಾಯುತ್ತವೆ. ಆಫ್ರಿಕದ ಮಲಾವಿ ಸರೋವರದ ಬಹುತೇಕ ಜಾತಿಗಳಲ್ಲಿ ತಾಯಿ ತತ್ತಿಗಳನ್ನು ಬಾಯಲ್ಲೇ ಇಟ್ಟುಕೊಂಡು ಮೂರು ವಾರ ಸರಿಯಾಗಿ ತಿನ್ನದೆ ಕಳೆಯುತ್ತದೆ. ಕಾಯಬೇಕೆಂದರೆ ಜಾಗ ಬೇಕು, ಜಾಗ ಬೇಕೆಂದರೆ ಬೇಲಿ ಬೇಕು, ಬೇಲಿ ಎಂದಮೇಲೆ ಪಕ್ಕದವರೊಡನೆ ಗುದ್ದಾಟ ತಪ್ಪದು. ಹೊಲದ ಬದುವಿನ ವ್ಯಾಜ್ಯಕ್ಕೆ ತಲೆಮಾರುಗಟ್ಟಲೆ ಕೋರ್ಟು ಅಲೆದ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೀನಿಗೆ ಸಿಟ್ಟು ಬರುವುದು ಗೆರೆ ದಾಟಿದಾಗ. ಎರಡಡಿ ಟ್ಯಾಂಕಿನಲ್ಲಿ ಗೆರೆ ದಾಟದೆ ಇರಲು ಜಾಗವೇ ಇರುವುದಿಲ್ಲ.

ಈ ಸಿಟ್ಟಿನ ಬಗ್ಗೆ ದೊಡ್ಡ ವಾದವೊಂದನ್ನು ಕಟ್ಟಿದವರು ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆಂಜ್. ಪ್ರಾಣಿಗಳ ಆಕ್ರಮಣಶೀಲತೆಯ ಬಗ್ಗೆ 1963ರಲ್ಲಿ ಬರೆದ ಪುಸ್ತಕದಲ್ಲಿ ಅವರು ಬ್ರೆಜಿಲ್‌ನ ಸಿಕ್ಲಿಡ್ ಜೋಡಿಗಳ ಕಥೆ ಹೇಳುತ್ತಾರೆ. ಒಂದೇ ಟ್ಯಾಂಕಿನ ನಡುವೆ ಗಾಜು ನಿಲ್ಲಿಸಿ ಆಚೆಗೊಂದು, ಈಚೆಗೊಂದು ಜೋಡಿ ಇಟ್ಟಿದ್ದರು. ಗಂಡುಗಳು ಗಾಜಿನ ಮೂಲಕ ಪರಸ್ಪರ ಗುರಾಯಿಸಿಕೊಂಡು ಸಿಟ್ಟು ತೀರಿಸಿಕೊಳ್ಳುತ್ತಿದ್ದವು, ಸಂಸಾರ ನೆಟ್ಟಗಿತ್ತು. ಗಾಜಿಗೆ ಪಾಚಿ ಕಟ್ಟಿ ನೆರೆಯವನು ಕಾಣದಂತಾದಾಗ ಗಂಡು ತನ್ನ ಹೆಣ್ಣಿನ ಮೇಲೇ ಎರಗತೊಡಗಿತು. ಪಾಚಿ ಒರೆಸಿದರೆ ಮತ್ತೆ ಮನೆಯೊಳಗೆ ಶಾಂತಿ. ಸಿಟ್ಟು ಒಳಗೆ ತುಂಬಿಕೊಳ್ಳುತ್ತದೆ, ಹೊರಗೆ ಹರಿಯಲು ದಾರಿ ಬೇಕು ಎಂಬುದು ಲೊರೆಂಜರ ಸಿದ್ಧಾಂತ. 1973ರಲ್ಲಿ ಅವರಿಗೆ ನೊಬೆಲ್ ಬಂತು, ಆದರೆ "ತುಂಬಿ ಹರಿಯುವ ಸಿಟ್ಟು" ಎಂಬ ಈ ಮಾತನ್ನು ನಂತರದ ವಿಜ್ಞಾನಿಗಳು ಒಪ್ಪಲಿಲ್ಲ. ಸಿದ್ಧಾಂತ ಬಿದ್ದರೂ ಉಪಾಯ ಉಳಿಯಿತು. ಜೋಡಿಯ ಜೊತೆ ಚುರುಕಾಗಿ ತಪ್ಪಿಸಿಕೊಳ್ಳಬಲ್ಲ ಸಣ್ಣ ಮೀನುಗಳ ಗುಂಪನ್ನು ಬಿಡುವುದನ್ನು ಸಾಕಣೆದಾರರು ಇಂದಿಗೂ ಪಾಲಿಸುತ್ತಾರೆ.

ನಮಗೆ ಹತ್ತಿರದ ಸಂಗತಿಯೆಂದರೆ, 1969ರಲ್ಲಿ ಇದೇ ಪ್ರಶ್ನೆಯನ್ನು ಆನ್ ರಾಸಾ ಎಂಬ ಸಂಶೋಧಕಿ ಪರೀಕ್ಷಿಸಿದ್ದು ನಮ್ಮ ದಕ್ಷಿಣ ಭಾರತದ ಮೀನಿನ ಮೇಲೆ, ಕರಾವಳಿಯ ಹಿನ್ನೀರಿನಲ್ಲಿರುವ ಆರೆಂಜ್ ಕ್ರೋಮೈಡ್ ಮೇಲೆ. ನೆರೆಹೊರೆಯಿಲ್ಲದೆ ಒಂಟಿಯಾಗಿಟ್ಟ ಜೋಡಿಗಳಲ್ಲಿ ಗಂಡ-ಹೆಂಡಿರ ಜಗಳ ಹೆಚ್ಚಿತು, ಮರಿ ಉಳಿಯುವುದು ಕಡಿಮೆಯಾಯಿತು.

ಟಾಂಗನೀಕಾ ಸರೋವರದ ಅಸ್ಟಟೊಟಿಲಾಪಿಯಾ ಎಂಬ ಸಿಕ್ಲಿಡ್ ಮೇಲೆ ಸ್ಟ್ಯಾನ್‌ಫರ್ಡ್‌ನ ರಸೆಲ್ ಫರ್ನಾಲ್ಡ್ ಮತ್ತು ಸಂಗಡಿಗರು ಮಾಡಿದ ಕೆಲಸ ಇದಕ್ಕಿಂತ ಆಳದ್ದು. ಅದರಲ್ಲಿ ಜಾಗ ಹಿಡಿದ ಗಂಡು ಮಾತ್ರ ಬಣ್ಣ ತೊಡುತ್ತದೆ. ಸೋತ ಗಂಡು ಕೆಲವೇ ನಿಮಿಷಗಳಲ್ಲಿ ಹೆಣ್ಣಿನ ಹಾಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೇಲಿನ ಗಂಡನ್ನು ತೆಗೆದರೆ ಕೆಳಗಿನದು ಅಷ್ಟೇ ಬೇಗ ಬಣ್ಣ ಏರಿಸಿಕೊಳ್ಳುತ್ತದೆ, ಅದರ ಮಿದುಳಿನ ಜೀವಕೋಶಗಳೂ ಹಿಗ್ಗುತ್ತವೆ. 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬದಿಯಲ್ಲಿದ್ದ ಗಂಡು ಬೇರೆಯವರ ಜಗಳಗಳನ್ನು ಬರೀ ನೋಡಿಯೇ ಯಾರು ಬಲಶಾಲಿ, ಯಾರು ಬಡವ ಎಂಬ ಲೆಕ್ಕ ಹಾಕಿತ್ತು. ಈತ ಆತನನ್ನು ಸೋಲಿಸಿದ, ಆತ ಇನ್ನೊಬ್ಬನನ್ನು ಸೋಲಿಸಿದ, ಹಾಗಾದರೆ ಈತ ಆ ಇನ್ನೊಬ್ಬನಿಗೂ ಮೇಲು ಎಂದು ಊಹಿಸುವ ಮೀನು! ಇಂಥವುಗಳ ಟ್ಯಾಂಕಿನಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಹಾಕುವುದೆಂದರೆ ಪಂಚಾಯಿತಿಯನ್ನೇ ವಿಸರ್ಜಿಸಿದಂತೆ. ಆಮೇಲೆ ಒಂದು ವಾರ ಹೊಸ ಚುನಾವಣೆ ನಡೆಯುತ್ತದೆ. ಸತ್ತ ಮೀನಿನ ಜಾಗಕ್ಕೆ ಮರುದಿನವೇ ಹೊಸದನ್ನು ತಂದು ಬಿಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜಗಳಗಳಿಗೆ ಕಾರಣವಾಗಿದೆಯೋ!

ಇನ್ನು ನೀರು. ಮೀನು ಕೊಳ್ಳುವ ಮೊದಲು ನೀರು ನೋಡಬೇಕು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕುಗಳಲ್ಲಿ ಮಾತ್ರ ಆ ಮಾತಿಗೆ ಬಹಳ ತೂಕವಿದೆ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. 1953ರಲ್ಲಿ ಮುಗಿದ ಅಣೆಕಟ್ಟೆಯಿಂದ ಹರಿಯುವ ಈ ನೀರು ಮಲೆನಾಡಿನ ಮಳೆಯದು. ಅದರಲ್ಲಿ ಲವಣ ಕಡಿಮೆ, ಮಳೆಗಾಲದಲ್ಲಿ ಕೆಸರು ಜಾಸ್ತಿ. ಕುಷ್ಟಗಿ, ಯಲಬುರ್ಗಾದ ಎರಿ-ಮಸಾರಿಯಲ್ಲಿ ಜನ ನೆಚ್ಚಿಕೊಂಡಿರುವುದು ಬೋರ್‌ವೆಲ್ಲನ್ನು. ಆ ನೀರಿನಲ್ಲಿ ಸೋಪು ನೊರೆ ಕಟ್ಟುವುದಿಲ್ಲ, ಚಹಾ ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರ ಹಿಡಿಯುತ್ತದೆ. ಫ್ಲೋರೈಡ್ ಸಮಸ್ಯೆಯಿಂದ ಹಳ್ಳಿ ಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದಿದ್ದು ಎಲ್ಲರಿಗೂ ಗೊತ್ತು. ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಅದ್ದಿದರೆ 1000 ದಾಟಿ ತೋರಿಸುವ ಬೋರ್‌ವೆಲ್‌ಗಳು ಈ ಭಾಗದಲ್ಲಿ ಅಪರೂಪವಲ್ಲ.

"ಆಫ್ರಿಕನ್ ಮೀನಿಗೆ ಗಡಸು ನೀರೇ ಬೇಕು, ನಿಮ್ಮ ಬೋರಿನ ನೀರು ಹೇಳಿ ಮಾಡಿಸಿದಂಗೈತಿ" ಎಂದು ಅಂಗಡಿಯಲ್ಲಿ ಹೇಳಿ ಕಳಿಸುವುದುಂಟು. ಇದು ಅರ್ಧ ನಿಜ. ಮಲಾವಿ ಸರೋವರದ ನೀರಿನ ಪಿಎಚ್ 8ರ ಆಸುಪಾಸು ಇರುತ್ತದೆ, ಅಷ್ಟರ ಮಟ್ಟಿಗೆ ನಮ್ಮ ಬೋರ್‌ವೆಲ್‌ಗೆ ನೆಂಟ. ಆದರೆ ಅದರಲ್ಲಿ ಕರಗಿರುವ ಲವಣ ಲೀಟರಿಗೆ 200 ಮಿಲಿಗ್ರಾಂ ಆಸುಪಾಸು ಮಾತ್ರ. ಟಾಂಗನೀಕಾದಲ್ಲಿ ಇದಕ್ಕಿಂತ ಹೆಚ್ಚು, ಪಿಎಚ್ 9ರ ಹತ್ತಿರ. ಯಲಬುರ್ಗಾದ 1200 ಟಿಡಿಎಸ್ ನೀರು ಎರಡೂ ಸರೋವರಗಳಿಗಿಂತ ಎಷ್ಟೋ ಗಡಸು. ಅಂಗಡಿಯಲ್ಲಿ ಸಿಗುವವು ಸರೋವರ ಕಾಣದ, ಟ್ಯಾಂಕಿನಲ್ಲೇ ಹುಟ್ಟಿದ ತಲೆಮಾರಿನವು, ಅದನ್ನೂ ತಾಳಿಕೊಳ್ಳುತ್ತವೆ. ಆದರೂ ಬೋರ್‌ವೆಲ್ ನೀರಿಗೆ ಅರ್ಧದಷ್ಟು ಘಟಕದ ನೀರು ಬೆರೆಸಿದರೆ ಒಳ್ಳೆಯದು. ಬರೀ ಘಟಕದ ನೀರಿನಲ್ಲಿಡುವುದು ಮಾತ್ರ ಅಪಾಯ. ಘಟಕದ ಆರ್‌ಒ ನೀರಿನಲ್ಲಿ ಆಮ್ಲವನ್ನು ತಡೆದು ನಿಲ್ಲಿಸುವ ಲವಣವೇ ಇರುವುದಿಲ್ಲ, ಮೀನಿನ ಹೊಲಸು ಕೂಡುತ್ತ ಹೋದಂತೆ ಪಿಎಚ್ ದಿಢೀರನೆ ಕುಸಿಯುತ್ತದೆ. "ಮನುಷ್ಯರು ಕುಡಿಯೋ ನೀರು ಹಾಕಿದ್ರೂ ಸತ್ವು" ಎಂಬ ಬೇಸರದ ಹಿಂದಿರುವುದು ಹೆಚ್ಚಾಗಿ ಇದೇ.

ಬೋರ್‌ವೆಲ್ ನೀರಿಗೆ ಇನ್ನೂ ಒಂದು ಗುಣ ಇದೆ. ಆಗಷ್ಟೇ ಎತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟು ಗಾಳಿಯಾಡಿಸಿದರೆ ಪಿಎಚ್ ತಾನೇ ಏರಿ ನಿಲ್ಲುತ್ತದೆ. ಮಾಳಿಗೆ ಮೇಲಿನ ಟಾಕಿಯ ನೀರನ್ನು ಮಧ್ಯಾಹ್ನ ಮುಟ್ಟಲೇಬಾರದು, ಬೇಸಿಗೆಯಲ್ಲಿ ಅದು ಕೈ ಸುಡುವಷ್ಟು ಕಾದಿರುತ್ತದೆ. ಪಟ್ಟಣದ ನಲ್ಲಿ ನೀರಾದರೆ ಕ್ಲೋರಿನ್ ಕಳೆಯಬೇಕು. ಅಂಗಡಿಯ ನೀಲಿ ಬಾಟಲಿ ಇಲ್ಲದಿದ್ದರೆ ಹಿಂದೆ ಫೋಟೊ ಸ್ಟುಡಿಯೋದವರು ಬಳಸುತ್ತಿದ್ದ ಹೈಪೋ ಹರಳಿನ ಒಂದು ಚಿಟಿಕೆಯೂ ಅದೇ ಕೆಲಸ ಮಾಡುತ್ತದೆ.

ಗಡಸು ನೀರಿನಲ್ಲಿ ಎಚ್ಚರ ತಪ್ಪಬಾರದ್ದು ಅಮೋನಿಯಾ ವಿಷಯದಲ್ಲಿ. ಮೀನಿನ ಹೊಲಸಿನಿಂದ ಬರುವ ಅಮೋನಿಯಾದಲ್ಲಿ ಎಷ್ಟು ಪಾಲು ವಿಷ ರೂಪದಲ್ಲಿರುತ್ತದೆ ಎಂಬುದನ್ನು ಪಿಎಚ್ ನಿರ್ಧರಿಸುತ್ತದೆ. 30 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದರೆ ಆ ಪಾಲು ಶೇ 1ಕ್ಕೂ ಕಡಿಮೆ, 8.5 ಇದ್ದರೆ ಹತ್ತಿರ ಹತ್ತಿರ ಶೇ 20. ಗಂಗಾವತಿಯ ಕಾಲುವೆ ನೀರಿನಲ್ಲಿ ಕಿವಿರು ಕೆಂಪಾಗಿಸಿ ಬಿಟ್ಟುಬಿಡುವ ಕೊಳೆ ಕುಷ್ಟಗಿಯ ನೀರಿನಲ್ಲಿ ಬೆಳಗಾಗುವುದರೊಳಗೆ ಕೊಲ್ಲುತ್ತದೆ. ಆಗ ಮೈಮೇಲೆ ಕಂಡ ಗಾಯ ನೋಡಿ "ಕಚ್ಚಾಡಿ ಸತ್ವು" ಎನ್ನುತ್ತೇವೆ.

ಈಗ ಬಹುಪ್ರಸಿದ್ಧ ಉಪಾಯಕ್ಕೆ ಬರೋಣ. ಮಲಾವಿಯ ಬಂಡೆವಾಸಿ ಮೀನುಗಳನ್ನು ಸಾಕುವವರು ಬೇಕೆಂದೇ ಟ್ಯಾಂಕನ್ನು ತುಂಬಿಸುತ್ತಾರೆ. ಮೀನು ಕಡಿಮೆ ಇದ್ದರೆ ಬಲಿಷ್ಠ ಗಂಡು ಒಂದೇ ಬಲಿಪಶುವನ್ನು ಹಿಡಿದು ಸಾಯಿಸುತ್ತದೆ. ಹೆಚ್ಚಿದ್ದರೆ ಸಿಟ್ಟು ಹಂಚಿಹೋಗುತ್ತದೆ, ಯಾರ ಬೆನ್ನೂ ಪೂರ್ತಿ ಮುರಿಯುವುದಿಲ್ಲ. ತರ್ಕ ಸರಿಯಾಗಿದೆ, ಅನುಭವವೂ ಅದನ್ನು ಬೆಂಬಲಿಸುತ್ತದೆ. ಆದರೆ ಈ ಉಪಾಯ ನಿಂತಿರುವುದು ದೊಡ್ಡ ಫಿಲ್ಟರ್, ನಿಲ್ಲದ ಕರೆಂಟು, 26 ಡಿಗ್ರಿಯ ನೀರು ಎಂಬ ಮೂರು ಕಾಲಿನ ಮೇಲೆ. 25 ಡಿಗ್ರಿಯಲ್ಲಿ ಲೀಟರ್ ನೀರು 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 34ರಲ್ಲಿ 7ರ ಸಮೀಪ. ಅದೇ ಹೊತ್ತಿಗೆ ಬಿಸಿಗೆ ಮೀನಿನ ಉಸಿರಾಟ ಜೋರಾಗಿರುತ್ತದೆ. ಮೇ ತಿಂಗಳ ರಾತ್ರಿ ಎರಡು ತಾಸು ಕರೆಂಟು ಹೋದರೆ ತುಂಬಿದ ಟ್ಯಾಂಕಿನ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡುತ್ತವೆ, ಜಗಳ ಆಡಲೂ ಅವಕ್ಕೆ ಶಕ್ತಿ ಇರುವುದಿಲ್ಲ. ಹಾಗಾಗಿ ಮನೆಯಲ್ಲಿ ಇನ್ವರ್ಟರ್ ಅಥವಾ ಬ್ಯಾಟರಿಯ ಏರ್ ಪಂಪ್ ಇಲ್ಲದವರು ತುಂಬಿಸುವ ಉಪಾಯಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಎಷ್ಟೇ ದೊಡ್ಡ ಪರಿಣತರು ಹೇಳಿದ್ದರೂ ಸರಿಯೇ.

ತುಂಬಿಸದೆ ಜಗಳ ತಗ್ಗಿಸುವುದಕ್ಕೆ ನಮ್ಮ ಕಡೆ ಒಂದು ಅನುಕೂಲವಿದೆ, ಕಲ್ಲು. ಒಂದು ಮೀನಿಗೆ ಇನ್ನೊಂದು ಕಾಣದಂತೆ ನೋಟ ಮುರಿಯುವುದೇ ಇಲ್ಲಿನ ಗುಟ್ಟು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕಿನಲ್ಲಿ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಅದರೊಳಗೆ ಎರಡು ಕಡೆ ಕಲ್ಲಿನ ಗುಡ್ಡೆ ಕಟ್ಟಿ, ನಡುವೆ ಬಯಲು ಬಿಟ್ಟರೆ ಎರಡು ಗಂಡುಗಳು ಗೆರೆ ಹಂಚಿಕೊಳ್ಳುತ್ತವೆ. ಮನೆ ಕಟ್ಟುವಾಗ ಒಡೆದು ಉಳಿದ ಶಹಾಬಾದ್ ಫರಸಿಯ ತುಂಡುಗಳು ನಮ್ಮ ಪ್ರತಿ ಊರಿನ ಹಿತ್ತಿಲಲ್ಲೂ ಬಿದ್ದಿರುತ್ತವೆ. ಚಪ್ಪಟೆಯಾದ್ದರಿಂದ ಒಂದರ ಮೇಲೊಂದು ಪೇರಿಸಿ ಗೂಡು ಮಾಡಲು ಅನುಕೂಲ. ಅದು ಸುಣ್ಣಕಲ್ಲು, ನಿಂಬೆರಸ ಹಿಂಡಿದರೆ ಸಣ್ಣಗೆ ಬುರುಗು ಬರುತ್ತದೆ, ಮೃದು ನೀರಿನಲ್ಲಿ ನಿಧಾನಕ್ಕೆ ಕರಗಿ ಪಿಎಚ್ ಏರಿಸುತ್ತದೆ. ಕಾಲುವೆ ನೀರಿನಲ್ಲಿ ಆಫ್ರಿಕನ್ ಮೀನು ಸಾಕುವ ಗಂಗಾವತಿಯವರಿಗೆ ಇದು ವರ. ಏಂಜೆಲ್ ಸಾಕುವವರು ಕುಷ್ಟಗಿ-ಇಳಕಲ್ ಸೀಮೆಯ ಕೆಂಪು ಗ್ರಾನೈಟ್ ತುಂಡು ಹಾಕಿಕೊಳ್ಳಲಿ, ಅದು ನೀರಿನ ಗುಣ ಬದಲಿಸುವುದಿಲ್ಲ. ಕಲ್ಲನ್ನು ಮರಳಿನ ಮೇಲಿಡದೆ ಗಾಜಿನ ತಳಕ್ಕೆ ತೆಳು ಥರ್ಮೋಕೋಲ್ ಹಾಸಿ ಅದರ ಮೇಲೇ ಕೂರಿಸಬೇಕು. ಸಿಕ್ಲಿಡ್‌ಗಳು ಮರಳು ತೋಡುತ್ತವೆ, ಬುಡ ಸಡಿಲವಾದ ಗುಡ್ಡೆ ಗಾಜಿನ ಮೇಲೆ ಬೀಳುತ್ತದೆ. ಕಲ್ಲಿನ ಹೊರೆ ಬೇಡವೆನ್ನುವವರಿಗೆ ಕುಂಬಾರರ ಒಡಕು ಮಡಿಕೆಗಳಿವೆ, ಆದರೆ ಪ್ರತಿ ಮಡಿಕೆಗೂ ಎರಡು ಬಾಯಿ ಇರುವಂತೆ ನೋಡಿಕೊಳ್ಳಬೇಕು. ಒಂದೇ ಬಾಯಿಯ ಗೂಡಿನಲ್ಲಿ ಸೋತ ಮೀನು ಸಿಕ್ಕಿಬೀಳುತ್ತದೆ.

ಹೊಸ ಮೀನು ಬಿಡುವಾಗ ಕಲ್ಲುಗಳನ್ನೆಲ್ಲ ಕದಲಿಸಿ ಹೊಸದಾಗಿ ಜೋಡಿಸುವುದು ಹಳೆಯ ಉಪಾಯ. ಹಳೆಯ ಗೆರೆಗಳೆಲ್ಲ ಅಳಿಸಿ ಎಲ್ಲರೂ ಒಂದೇ ಸಲ ಪರದೇಶಿಗಳಾಗುತ್ತಾರೆ. ಬೆಳಕು ಆರಿಸಿ ರಾತ್ರಿ ಬಿಡುವುದೂ ನೆರವಾಗುತ್ತದೆ. ಒಂದೊಂದೇ ಮೀನು ತರುವುದಕ್ಕಿಂತ ಒಂದೇ ಅಳತೆಯ ಮರಿಗಳನ್ನು ಒಟ್ಟಿಗೆ ತಂದು ಬೆಳೆಸುವುದು ಎಲ್ಲಕ್ಕಿಂತ ಮೇಲು. ಗಂಡು ಒಂದಕ್ಕೆ ಹೆಣ್ಣು ಮೂರೋ ನಾಲ್ಕೋ ಇರಬೇಕು, ಇಲ್ಲದಿದ್ದರೆ ಇರುವ ಒಂದೇ ಹೆಣ್ಣು ಬೆನ್ನಟ್ಟುವಿಕೆಯಲ್ಲೇ ಸೊರಗುತ್ತದೆ. ಅಂಗಡಿಯ ಮಿಕ್ಸ್‌ನಲ್ಲಿ ಒಂದೊಂದು ಬಣ್ಣದ್ದು ಒಂದೊಂದು ಆರಿಸಿ ತರುವುದು ಇದಕ್ಕೆ ತದ್ವಿರುದ್ಧ. ಕಣ್ಣಿಗೆ ಹಬ್ಬ, ಆದರೆ ಬೆಳೆದಾಗ ಅದರಲ್ಲಿ ಎಷ್ಟು ಗಂಡು ಎಂದು ತಿಳಿಯುವ ಹೊತ್ತಿಗೆ ಅರ್ಧದಷ್ಟು ಮೀನು ಮಾತ್ರ ಉಳಿದಿರುತ್ತವೆ. ಮೇಲಾಗಿ ಹತ್ತಿರದ ಜಾತಿಗಳು ಕೂಡಿ ಹೆಸರಿಲ್ಲದ ಮರಿ ಹಾಕುತ್ತವೆ.

ನೀರು ಬದಲಿಸುವುದಕ್ಕೂ ಜಗಳಕ್ಕೂ ನಂಟಿದೆ ಎಂಬುದು ಸಾಕುವವರಿಗೆ ಬೆರಗು ತರುವ ಸಂಗತಿ. ಜಿಲೇಬಿ ಮೀನಿನ ಗಂಡುಗಳು ಜಗಳದ ಹೊತ್ತಿನಲ್ಲಿ ಉಚ್ಚೆ ಹೊಯ್ದು ತಮ್ಮ ದೊಡ್ಡಸ್ತಿಕೆ ಸಾರುತ್ತವೆ, ಎದುರಾಳಿ ಅದನ್ನು ಮೂಸಿ ಹಿಂದೆ ಸರಿಯುತ್ತದೆ. ಪೋರ್ಚುಗಲ್‌ನ ಸಂಶೋಧಕರು 2007ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ನೀರಿನಲ್ಲಿ ಬರೆದ ಈ ದಾಖಲೆಯನ್ನು ನಾವು ಒಮ್ಮೆಗೇ ಚೆಲ್ಲಿದರೆ ಯಾರು ಯಜಮಾನ ಎಂಬುದು ಮತ್ತೆ ತೀರ್ಮಾನವಾಗಬೇಕಾಗುತ್ತದೆ. ಬ್ರೆಜಿಲ್‌ನಲ್ಲಿ ಏಂಜೆಲ್ ಮೀನಿನ ಮೇಲೆ ನಡೆದ ಅಧ್ಯಯನದಲ್ಲಿ ಅರ್ಧ ನೀರು ಬದಲಿಸಿದಾಗ ಜಗಳ ಏರಿತು, ಕಾಲು ಭಾಗ ಬದಲಿಸಿದಾಗ ಅಷ್ಟಾಗಿ ಏರಲಿಲ್ಲ. ಅಮೋನಿಯಾ ಭಯದಿಂದ ನೀರು ಬದಲಿಸಲೇಬೇಕು, ಜಗಳದ ಭಯದಿಂದ ಸ್ವಲ್ಪ ಸ್ವಲ್ಪವೇ ಬದಲಿಸಬೇಕು. ಎರಡೂ ಒಂದೇ ಕಡೆ ಕೈ ತೋರಿಸುವುದು ಅದೃಷ್ಟ: ವಾರಕ್ಕೆ ಎರಡು ಸಲ, ಎರಡು-ಮೂರು ಕೊಡ.

ಇಷ್ಟಾದರೂ ಕೆಲವು ಮೀನುಗಳ ಮಟ್ಟಿಗೆ ಯಾವ ಉಪಾಯವೂ ನಡೆಯದು. ಆಸ್ಕರ್ ಮರಿ ಎರಡಿಂಚು ಇದ್ದಾಗ ಮುದ್ದಾಗಿರುತ್ತದೆ, ಬೆಳೆದರೆ ಒಂದಡಿ. "ಗ್ರೀನ್ ಟೆರರ್ ಅಂತ ಹೆಸರೇ ಐತಲ್ರಿ ಸರ್, ಜಗಳಾ ಆಡ್ದ ಮತ್ತೇನ್ ಮಾಡ್ತೈತಿ" ಎಂದು ನಗುವ ಅಂಗಡಿಯವನ ಮಾತಿನಲ್ಲಿ ನ್ಯಾಯವಿದೆ. ಫ್ಲವರ್‌ಹಾರ್ನ್ ಒಂಟಿಯಾಗಿರುವುದೇ ಸರಿ, ಅದರ ಗಂಡುಗಳಲ್ಲಿ ಬಹಳಷ್ಟು ಬಂಜೆ ಬೇರೆ. ಎರಡಡಿ ಟ್ಯಾಂಕಿನವರು ಈ ಮೂರರಿಂದಲೂ ದೂರವಿರುವುದು ಲೇಸು.

ಮರಿ ಮಾಡಿಸುವುದು ಅನೇಕರು ಹೆದರುವಷ್ಟು ಕಷ್ಟವಲ್ಲ. ಸಿಕ್ಲಿಡ್‌ಗಳ ವಿಷಯದಲ್ಲಿ ಮರಿ ಮಾಡದಂತೆ ತಡೆಯುವುದೇ ಕೆಲವೊಮ್ಮೆ ಕಷ್ಟ. ಏಂಜೆಲ್ ಜೋಡಿಯನ್ನು ನಾವು ಕಟ್ಟಲಾಗದು, ಐದಾರು ಮರಿ ಒಟ್ಟಿಗೆ ಬೆಳೆಸಿದರೆ ಅವೇ ಜೋಡಿಯಾಗುತ್ತವೆ. ನಿಲ್ಲಿಸಿಟ್ಟ ಗ್ರಾನೈಟ್ ತುಂಡಿನ ಮೇಲೆ ಸಾಲು ಸಾಲಾಗಿ ತತ್ತಿ ಇಡುತ್ತವೆ, ಎರಡು-ಮೂರು ದಿನದಲ್ಲಿ ಒಡೆಯುತ್ತವೆ. ಮೊದಲ ಒಂದೆರಡು ಸಲ ತಾವೇ ತತ್ತಿ ತಿಂದುಬಿಡುವುದುಂಟು. ಹೊಸ ಜೋಡಿಗೆ ತಾಳ್ಮೆ ಬೇಕು, ಸಾಕುವವರಿಗೂ. ಮಲಾವಿಯ ತಾಯಿ ಬಾಯಿ ಉಬ್ಬಿಸಿಕೊಂಡು ಮೂಲೆ ಹಿಡಿದರೆ ಏನು ಮಾಡಬೇಕೆಂಬುದರಲ್ಲಿ ಎರಡು ಪಂಗಡಗಳಿವೆ. ತಾಯಿಯ ಬಾಯಿ ಬಿಡಿಸಿ ಮರಿ ಹೊರತೆಗೆಯುವುದು ಒಂದು ಪಂಗಡ, ತಾಯಿಯನ್ನು ಬೇರೆ ಟ್ಯಾಂಕಿಗೆ ಬಿಟ್ಟು ತಾನಾಗಿ ಉಗುಳಲು ಕಾಯುವುದು ಇನ್ನೊಂದು. ವ್ಯಾಪಾರಕ್ಕಾದರೆ ಮೊದಲನೆಯದು ಲಾಭ. ಮನೆಯಲ್ಲಿ ಎರಡನೆಯದೇ ಒಳ್ಳೆಯದು, ಆದರೆ ಉಗುಳಿದ ಮೇಲೆ ತಾಯಿಗೆ ಒಂದು ವಾರ ಚೆನ್ನಾಗಿ ತಿನ್ನಿಸಿ ಮೈ ತುಂಬಿದ ನಂತರವೇ ಗುಂಪಿಗೆ ಬಿಡಬೇಕು. ಬಡಕಲಾಗಿ ವಾಪಸು ಹೋದ ಹೆಣ್ಣಿಗೆ ಗುಂಪಿನಲ್ಲಿ ಹಳೆಯ ಸ್ಥಾನ ಸಿಗುವುದಿಲ್ಲ.

ಮರಿಗಳ ಆಹಾರದಲ್ಲಿ ನಮ್ಮ ಸೆಕೆ ಉಪಕಾರಿ. ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯ ತತ್ತಿಯನ್ನು ಉಪ್ಪು ನೀರಿನಲ್ಲಿ ಹಾಕಿ ಗಾಳಿಯಾಡಿಸಿದರೆ ಒಂದು ದಿನದಲ್ಲಿ ಮರಿ ಸಿದ್ಧ, ಹೀಟರ್ ಬೇಕಿಲ್ಲ. ನೀರು ನಿಂತಲ್ಲೆಲ್ಲ ಜಲಚಿಗಟ, ಸೊಳ್ಳೆ ಮರಿ ಸಿಗುತ್ತವೆ. ಕುಷ್ಟಗಿ-ಯಲಬುರ್ಗಾದ ಕೃಷಿ ಹೊಂಡಗಳಿಂದ ಬಲೆ ಹಾಕಿ ತರುವುದರಲ್ಲಿ ಅಷ್ಟು ತಂಟೆಯಿಲ್ಲ. ಗಂಗಾವತಿ-ಕಾರಟಗಿಯ ಗದ್ದೆಗಳಿಂದ ಮಾತ್ರ ತರಬೇಡಿ. ಭತ್ತಕ್ಕೆ ಹೊಡೆದ ಕೀಟನಾಶಕ ಆ ನೀರಿನಲ್ಲಿರುತ್ತದೆ, ಒಂದು ಲೋಟದಲ್ಲಿ ಬಂದದ್ದು ಇಡೀ ಮರಿಗಳ ತಲೆಮಾರನ್ನು ಮುಗಿಸುತ್ತದೆ.

ಗದ್ದೆಯಿಂದ ತರಬಹುದಾದ್ದು ಬೇರೆಯೇ ಇದೆ, ಖಾಲಿಯಾದ ಬಸವನಹುಳುವಿನ ಚಿಪ್ಪು. ಟಾಂಗನೀಕಾದಲ್ಲಿ ಚಿಪ್ಪಿನೊಳಗೇ ಸಂಸಾರ ಹೂಡುವ ಬೆರಳುದ್ದದ ಸಿಕ್ಲಿಡ್‌ಗಳಿವೆ. ನಮ್ಮ ಕಡೆ ಅವುಗಳನ್ನು ತರಿಸಿಕೊಳ್ಳಲು ಬೆಂಗಳೂರಿನ ಅಥವಾ ಚೆನ್ನೈನ ಸಾಕಣೆದಾರರನ್ನೇ ಹಿಡಿಯಬೇಕು. ಗದ್ದೆ ಬಸವನಹುಳುವಿನ ಎರಡಿಂಚಿನ ಚಿಪ್ಪು ಅವಕ್ಕೆ ಸರಿಹೊಂದುತ್ತದೆ. ಕುದಿಸಿ ತೊಳೆದು, ಮೂರಿಂಚು ಮರಳಿನ ಮೇಲೆ ಇಪ್ಪತ್ತು ಚಿಪ್ಪು ಹರಡಿದರೆ ಎರಡಡಿ ಟ್ಯಾಂಕೇ ಒಂದು ಕೇರಿಯಾಗುತ್ತದೆ. ಒಂದೊಂದು ಮೀನೂ ತನ್ನ ಚಿಪ್ಪಿನ ಸುತ್ತ ಮರಳು ತೋಡಿ ಬಾಯಿ ಮಾತ್ರ ಮೇಲೆ ಕಾಣುವಂತೆ ಹೂಳುತ್ತದೆ, ಪಕ್ಕದವನು ಗೇಣು ದೂರ ಬಂದರೆ ಮೂತಿ ತೋರಿಸಿ ಗದರಿಸುತ್ತದೆ, ಅವನು ಹಿಂದೆ ಸರಿಯುತ್ತಾನೆ, ಅಲ್ಲಿಗೆ ಮುಗಿಯಿತು. ಗೆರೆ ಸಣ್ಣದಾದ್ದರಿಂದ ಜಗಳವೂ ಸಣ್ಣದು. ದೊಡ್ಡ ಮರಿಗಳು ಚಿಕ್ಕವುಗಳ ಜೊತೆಗೇ ಅಲ್ಲೇ ಬೆಳೆಯುತ್ತವೆ. ಯಲಬುರ್ಗಾದಂಥ ಗಡಸು ನೀರಿಗೆ, ಸಣ್ಣ ಮನೆಗೆ, ಕಡಿಮೆ ಕರೆಂಟಿಗೆ ಇದಕ್ಕಿಂತ ಹೊಂದುವ ಸಿಕ್ಲಿಡ್ ನನಗೆ ಕಂಡಿಲ್ಲ.

ದುಡ್ಡು ಕೊಟ್ಟು ಆಫ್ರಿಕದಿಂದ ತರಿಸುವ ಮೊದಲು ನಮ್ಮವೇ ಮೂರು ಸಿಕ್ಲಿಡ್‌ಗಳಿವೆ ಎಂಬುದನ್ನು ಯಾರೂ ಹೇಳುವುದಿಲ್ಲ. ಒಂದು, ಕಾಸರಗೋಡಿನಿಂದ ಕೆಳಗೆ ಊಟದ ತಟ್ಟೆಯಲ್ಲಿ ರಾಜನಾದ, ಕೇರಳ 2010ರಲ್ಲಿ ರಾಜ್ಯದ ಮೀನೆಂದು ಘೋಷಿಸಿದ ಕರಿಮೀನ್. ಎರಡು, ಮೇಲೆ ಹೇಳಿದ ಆರೆಂಜ್ ಕ್ರೋಮೈಡ್. ಮೂರನೆಯದು ಫ್ರಾನ್ಸಿಸ್ ಡೇ 1877ರಲ್ಲಿ ದಕ್ಷಿಣ ಕನ್ನಡದಿಂದ ವಿವರಿಸಿದ ಎಟ್ರೋಪ್ಲಸ್ ಕ್ಯಾನರೆನ್ಸಿಸ್. ಕಪ್ಪು ಪಟ್ಟೆ, ಮೈಮೇಲೆ ಮುತ್ತಿನಂಥ ಚುಕ್ಕೆ, ನೇತ್ರಾವತಿ ಸೀಮೆಯ ಹೊಳೆಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇದನ್ನು ಹೊಳೆಯಿಂದ ಹಿಡಿದು ವಿದೇಶದ ಅಕ್ವೇರಿಯಂಗಳಿಗೆ ಸಾಗಿಸುತ್ತಾರೆ, ಕೊಪ್ಪಳದ ಅಂಗಡಿಯಲ್ಲಿ ಕೇಳಿದರೆ ಹೆಸರೇ ಗೊತ್ತಿಲ್ಲ. ಸಾಕುವುದಾದರೆ ಟ್ಯಾಂಕಿನಲ್ಲಿ ಹು‍ಟ್ಟಿದ್ದನ್ನೇ ಕೇಳಿ ಕೊಳ್ಳಬೇಕು, ಹೊಳೆಯದ್ದನ್ನಲ್ಲ.

ನಮ್ಮ ಮನೆಗಳಿಗೆ ನಾನು ಮೊದಲು ಸೂಚಿಸುವುದು ಆರೆಂಜ್ ಕ್ರೋಮೈಡನ್ನು. ಮೂರಿಂಚು ಮೀನು, ಹಳದಿ ಮೈಗೆ ಕೆಂಪು ಚುಕ್ಕೆಗಳ ಸಾಲು. ಹಿನ್ನೀರಿನ ಹುಟ್ಟಾದ್ದರಿಂದ ನಮ್ಮ ಸವಳು ಬೋರ್‌ವೆಲ್ ನೀರು ಅದಕ್ಕೆ ಹೊರೆಯಲ್ಲ, ಸೆಕೆಯೂ ಹೊಸದಲ್ಲ. ತತ್ತಿಗಳನ್ನು ತಂದೆ-ತಾಯಿ ರೆಕ್ಕೆ ಬೀಸಿ ಕಾಯುತ್ತವೆ. ಮರಿಗಳು ಅಪ್ಪ-ಅಮ್ಮನ ಮೈಗೆ ಬಂದು ಬಂದು ತಾಗಿ, ಚರ್ಮದ ಲೋಳೆಯನ್ನು ತಿನ್ನುವುದನ್ನು ಕಂಡವರು ಫ್ಲವರ್‌ಹಾರ್ನ್‌ನ ಗಡ್ಡೆಯನ್ನು ಮರೆಯುತ್ತಾರೆ. ಕರಿಮೀನ್ ಜೊತೆಗೂ ಇದಕ್ಕೊಂದು ವಿಚಿತ್ರ ಸಂಬಂಧವಿದೆ. ಅವಕಾಶ ಸಿಕ್ಕರೆ ಅದರ ತತ್ತಿ ಕದ್ದು ತಿನ್ನುತ್ತದೆ, ಆದರೆ ಅದೇ ಕರಿಮೀನಿನ ಮೈಮೇಲಿನ ರೋಗ-ಕೊಳೆಯನ್ನು ಹೆಕ್ಕಿ ಶುಚಿ ಮಾಡುವುದನ್ನು ವೈಮನ್ ಮತ್ತು ವಾರ್ಡ್ ಎಂಬ ವಿಜ್ಞಾನಿಗಳು 1972ರಲ್ಲಿ ದಾಖಲಿಸಿದ್ದಾರೆ. ಆರೇಳು ಮರಿಗಳನ್ನು ಮೂರಡಿ ಟ್ಯಾಂಕಿಗೆ ತಂದು, ಜೋಡಿಯಾದ ಮೇಲೂ ಉಳಿದವನ್ನು ಪೂರ್ತಿ ತೆಗೆಯದೆ, ಕಲ್ಲಿನಾಚೆ ಕಾಣುವಷ್ಟು ದೂರದಲ್ಲಿ ಬಿಟ್ಟರೆ ರಾಸಾ ಕಂಡ ಸಂಸಾರ-ಜಗಳ ತಪ್ಪುತ್ತದೆ.

ಕೊನೆಗೆ, ಹೆಚ್ಚಾದ ಮೀನುಗಳನ್ನು ಏನು ಮಾಡುವುದು? ಜಗಳಕ್ಕೆ ಬೇಸತ್ತವರು, ಮರಿ ಹೆಚ್ಚಾದವರು ಪುಣ್ಯದ ಕೆಲಸವೆಂಬಂತೆ ಕಾಲುವೆಗೆ, ಕೆರೆಗೆ ಬಿಟ್ಟುಬರುತ್ತಾರೆ. ಮೊಜಾಂಬಿಕ್ ತಿಲಾಪಿಯಾವನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಅದು ಸ್ಥಳೀಯ ಮೀನುಗಳನ್ನು ಮೂಲೆಗೆ ತಳ್ಳುತ್ತದೆಂದು ಅರಿತು 1959ರಲ್ಲೇ ಹರಡಬಾರದೆಂದು ತೀರ್ಮಾನಿಸಿದರು. ಅಷ್ಟರಲ್ಲಿ ಅದು ತನ್ನ ದಾರಿ ಹಿಡಿದಾಗಿತ್ತು, ಇವತ್ತು ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ಅದರದೇ ರಾಜ್ಯ. ತನ್ನ ಮರಿಗಳನ್ನು ಬಾಯಲ್ಲಿಟ್ಟು ಕಾಪಾಡುವ, ಗೆರೆ ಕಾಯುವ, ಎಂಥ ನೀರನ್ನೂ ತಾಳುವ ಮೀನಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯಂಥ ಜಾಗ ಸಿಕ್ಕರೆ ಅದನ್ನು ಹಿಂದಕ್ಕೆ ಕರೆಸುವವರು ಯಾರೂ ಇಲ್ಲ. ಹೀಗೆ ಬಿಡುವ ಬದಲು ಅಂಗಡಿಗೆ ಕೊಡಿ. ಕೊಪ್ಪಳ, ಗಂಗಾವತಿಯ ಅಂಗಡಿಗಳಲ್ಲಿ, ಬೆಳೆದ ಮೀನನ್ನು, ಒಂದೂವರೆ ಇಂಚಿನ ಮರಿಗಳನ್ನು ಕೇಳಿದರೆ ವಾಪಸು ತೆಗೆದುಕೊಳ್ಳುವವರಿದ್ದಾರೆ. ರೊಕ್ಕ ಕೊಡುವುದು ಕಡಿಮೆ, ಬದಲಿಗೆ ಆಹಾರದ ಡಬ್ಬಿಯನ್ನೋ ಫಿಲ್ಟರಿನ ಸ್ಪಂಜನ್ನೋ ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತಾರೆ.